ಕೆಂಪು ದಾರದ ಸಸಿಗಳು

ಹೈದರಾಬಾದ್
8 ಜೂನ್ 1985

ಅಕ್ಕ ಪಂಪಾವತಿಗೆ ಕಳಕಪ್ಪನ ನಮಸ್ಕಾರ.

ನೀವೆಲ್ಲ ಆರಾಮಾಗಿದ್ದೀರಿ ಎಂದು ಕುಷ್ಟಗಿಯಿಂದ ಅವ್ವ ಬರೆಸಿದ್ದಾಳೆ. ಆದ್ದರಿಂದ ಅದನ್ನೇ ಮತ್ತೆ ಕೇಳಿ ಕಾಗದ ಕೆಡಿಸುವುದಿಲ್ಲ.

ನನ್ನ ಸಂಶೋಧನಾ ವೇತನ ಬರುವ ಮಾರ್ಚ್‌ಗೆ ನಿಲ್ಲುತ್ತದೆ. ಮಾರ್ಚ್ ಹದಿನೈದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನಾಲ್ಕು ವರ್ಷದ ಕೆಲಸ ನೀರುಪಾಲು, ಡಾಕ್ಟರೇಟೂ ಅದರ ಹಿಂದೆಯೇ. ಪ್ರಯೋಗಾಲಯದಲ್ಲಿ ನನ್ನ ಫಲಿತಾಂಶ ಅದ್ಭುತವಾಗಿದೆ. ಆದರೆ ನನ್ನ ಗೈಡ್, ಗಾಜಿನ ಕೊಳವೆಯಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ, ಒಂದು ಹಂಗಾಮು ಗದ್ದೆಯಲ್ಲಿ ಮಾಡಿ ತೋರಿಸು ಎಂದು ಹಟ ಹಿಡಿದಿದ್ದಾರೆ. ಹಾಗಾಗಿ ಗಂಗಾವತಿಯ ಕಾಲುವೆ ಪಕ್ಕದ ನಿಮ್ಮ ಹೊಲದಲ್ಲಿ ನನಗೆ ಅರ್ಧ ಎಕರೆ ಬೇಕು. ನಿನ್ನ ಯಜಮಾನರಿಗೆ, ದೊಡ್ಡಬಸಪ್ಪ ಮಾವನಿಗೆ ಹೇಳು.

ನೀನು ಕೊಪ್ಪಳದಲ್ಲಿ ಬಿ.ಎಸ್ಸಿ. ಮಾಡಿದ್ದು ನನಗೆ ನೆನಪಿದೆ. ಆದರೂ ಮದುವೆಯಾಗಿ ಎಂಟು ವರ್ಷವಾಯಿತಲ್ಲ, ಸರಳವಾಗಿಯೇ ಹೇಳುತ್ತೇನೆ. ಭತ್ತದ ಎಲೆಯ ಒಂದೊಂದು ಕೋಶದಲ್ಲೂ ಸಾವಿರಾರು ಜೀನ್‌ಗಳಿವೆ. ಎಲ್ಲವೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಎಲೆ ಒಣಗಿಸುವ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಒಳಹೊಕ್ಕ ಮೇಲೆ ಮಲಗಿದ್ದ ಕೆಲವು ಜೀನ್‌ಗಳು ಏಳುತ್ತವೆ. ತಮ್ಮಲ್ಲಿ ಬರೆದಿರುವುದರ ನಕಲು ತೆಗೆದು ಕಳಿಸುತ್ತವೆ, ಆ ನಕಲು ನೋಡಿಕೊಂಡು ಕೋಶ ತನ್ನ ಔಷಧ ತಾನೇ ಮಾಡಿಕೊಳ್ಳುತ್ತದೆ. ತೊಂದರೆ ಏನೆಂದರೆ ಅವು ಏಳುವುದು ತಡ. ಅಷ್ಟರಲ್ಲಿ ಎಲೆ ಹುಲ್ಲಾಗಿರುತ್ತದೆ. ನಾನು ದುಂಡಾಣುಗಳನ್ನು ಕುದಿಸಿ ಕೊಂದು, ಆ ಸತ್ತವುಗಳ ನೀರನ್ನು ಸಸಿಗೆ ಸಿಂಪಡಿಸುತ್ತೇನೆ. ಸಸಿ ಮೋಸಹೋಗಿ ಮೊದಲೇ ಎಚ್ಚರಾಗುತ್ತದೆ. ನಿಜವಾದ ರೋಗ ಬಂದಾಗ ಸಿದ್ಧವಾಗಿರುತ್ತದೆ.

ಎರಡು ಸಸಿಮಡಿ ಹಾಕಿಸು. ಒಂದಕ್ಕೆ ನನ್ನ ಔಷಧ, ಇನ್ನೊಂದಕ್ಕೆ ಬರಿಯ ನೀರು. ಸಸಿ ಕಿತ್ತು ಕಟ್ಟು ಕಟ್ಟುವಾಗ ಔಷಧದ್ದಕ್ಕೆ ಕೆಂಪು ದಾರ, ನೀರಿನದಕ್ಕೆ ಬಿಳಿ ದಾರ. ಆಳುಗಳಿಗೆ ಏನನ್ನೂ ವಿವರಿಸುವ ಅಗತ್ಯವಿಲ್ಲ. ಅವರ ಕೈ ಸಾಕು, ತಲೆ ಬೇಡ.

ಕಳಕಪ್ಪ


ಗಂಗಾವತಿ
20 ಜೂನ್ 1985

ಡಾಕ್ಟರಾಗಲಿರುವ ತಮ್ಮನಿಗೆ, ಆಗದೆ ಉಳಿದ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮ ಮಾವನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿ, "ನೆಲ್ಲು ಮಲಗೈತಿ, ಇಂವ ಎಬ್ಬಸ್ತಾನ, ಹೌದಿಲ್ಲೋ? ಸಾಲಿಗೆ ಹೋಗೂವಾಗ ಇವನ್ನ ಎಬ್ಬಸಾಕ ಮೂರು ಮಂದಿ ಬೇಕಾಗ್ತಿತ್ತು" ಎಂದರು. ಅರ್ಧ ಎಕರೆಗೆ ಮಾತ್ರ ಒಪ್ಪಿದ್ದಾರೆ. ನಿನಗಾದರೆ ಭತ್ಯೆ ಬರುತ್ತದೆ, ನಮಗೆ ಭತ್ತವೇ ಬರಬೇಕು. ಅದನ್ನು ಮರೆಯಬೇಡ ಎಂದಿದ್ದಾರೆ.

ನಮ್ಮ ಕಡೆ ಜೀನು ಎಂದರೆ ಕುದುರೆಯ ಬೆನ್ನಿಗೆ ಬಿಗಿಯುವುದು, ಜೀನ ಎಂದರೆ ಕೈ ಬಿಚ್ಚದವನು. ನಿನ್ನದು ಮೂರನೆಯ ಜಾತಿ. ಕುದುರೆ ಗಂಗಾವತಿಯಲ್ಲಿ, ಸವಾರ ಹೈದರಾಬಾದಿನಲ್ಲಿ, ನಡುವೆ ಲಗಾಮಿನ ಬದಲು ಅಂಚೆ ಇಲಾಖೆ.

ಎಂಟು ವರ್ಷದ ಸಂಸಾರ ನನ್ನ ಸಸ್ಯಶಾಸ್ತ್ರವನ್ನು ತಿಂದುಹಾಕಿದೆ ಎಂದು ಯಾವ ಕೊಳವೆಯಲ್ಲಿ ಸಾಬೀತಾಯಿತಪ್ಪ? ನಿನ್ನ ಪಿ.ಯು.ಸಿ. ರೆಕಾರ್ಡ್ ಪುಸ್ತಕದ ಚಿತ್ರಗಳನ್ನೆಲ್ಲ ಬರೆದವಳು ನಾನು. ಹತ್ತಕ್ಕೆ ಒಂಬತ್ತು ಬಂದಿತ್ತು. ಹೋದ ಒಂದು ಅಂಕ, ಚಿತ್ರದ ಕೆಳಗೆ ಹೆಸರು ಬರೆದವನದು.

ಇನ್ನು ತಲೆಯ ವಿಚಾರ. ನಮ್ಮ ನಾಟಿ ಗುಂಪಿನ ಹಿರಿಯಳು ಹುಲಿಗವ್ವ. ಈ ಕಾಲುವೆಗೆ ನೀರು ಬಂದ ವರ್ಷದಿಂದ ಕೆಸರಿಗೆ ಸಸಿ ಹಚ್ಚುತ್ತ ಬಂದಿದ್ದಾಳೆ. ಹದಿನೆಂಟು ಹೆಂಗಸರು ಅವಳ ಮಾತಿನಂತೆ ನಡೆಯುತ್ತಾರೆ. ತಲೆಯನ್ನು ಮನೆಯಲ್ಲಿಟ್ಟು ಬಾ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ನಾಟಿಯ ದಿನ ನೀನೇ ಬಂದು ಹೇಳು.

ಪಂಪಾವತಿ


ಹೈದರಾಬಾದ್
5 ಜುಲೈ 1985

ಅಕ್ಕ,

ಗಂಗಾವತಿ ಬಸ್ಸಿನ ಕಂಡಕ್ಟರ್ ನೂರಸಾಬನ ಕೈಯಲ್ಲಿ ನಾಲ್ಕು ಬಾಟಲಿ ಕಳಿಸಿದ್ದೇನೆ. ಜೊತೆಗೆ ಹದಿನಾಲ್ಕು ಪುಟಗಳ ಸೂಚನೆ ಇದೆ. ಇಂಗ್ಲಿಷಿನಲ್ಲಿದೆ, ನಿಘಂಟು ಇಟ್ಟುಕೊಂಡು ಓದು.

ನಾಟಿಗೆ ಬರಲು ಆಗುವುದಿಲ್ಲ. ನಾನು ಅಲ್ಲಿ ಕೆಸರಿನಲ್ಲಿ ನಿಂತರೆ ಇಲ್ಲಿ ಎಲೆ ಅರೆದು ಆರ್‌ಎನ್‌ಎ ತೆಗೆಯುವವರು ಯಾರು? ಆರ್‌ಎನ್‌ಎ ಎಂದರೆ ನಾನು ಹೇಳಿದ ಆ ನಕಲು ಪ್ರತಿ. ಬೆವರಿನ ಬೆರಳು ತಾಗಿದರೂ ಹಾಳಾಗುತ್ತದೆ, ಅಷ್ಟು ಸೂಕ್ಷ್ಮ. ನೆಲದ ಕೆಲಸಕ್ಕೆ ಸೂಕ್ಷ್ಮ ಬೇಕಿಲ್ಲ, ಶಿಸ್ತು ಸಾಕು. ಹದಿನಾಲ್ಕು ಪುಟದಲ್ಲಿ ಎಲ್ಲವೂ ಇದೆ. ನೀನು ಅಳೆದು ಬರೆ, ನಿನ್ನ ಅಭಿಪ್ರಾಯ ಬರೆಯಬೇಡ.

ಕಳಕಪ್ಪ


ಗಂಗಾವತಿ
22 ಆಗಸ್ಟ್ 1985

ತಮ್ಮಾ,

ನಿನ್ನ ಬಾಟಲಿಗಳನ್ನು ನೂರಸಾಬ ಮಡಿಲ ಕೂಸಿನ ಹಾಗೆ ತಂದುಕೊಟ್ಟ. ಒಳಗೇನಿದೆ ಎಂದು ಕೇಳಿದ. ಸತ್ತ ಕ್ರಿಮಿಗಳು ಎಂದೆ. ಮಾರನೆಯ ದಿನ ಆ ಸೀಟಿನ ಮೇಲೆ ಯಾರನ್ನೂ ಕೂರಿಸಲಿಲ್ಲವಂತೆ.

ಹದಿನಾಲ್ಕು ಪುಟವನ್ನೂ ನಿಘಂಟಿಲ್ಲದೆ ಓದಿದೆ. ನಾಲ್ಕು ಕಡೆ ಕಾಗುಣಿತ ತಿದ್ದಿದ್ದೇನೆ. ಹೇಳಿದ ದಿನಗಳಲ್ಲಿ ಹೇಳಿದಷ್ಟೇ ಸಿಂಪಡಿಸಿದ್ದಾಯಿತು. ಆದರೆ ಕಾಲುವೆ ನಿನ್ನ ಸೂಚನೆಗಳನ್ನು ಓದಿರಲಿಲ್ಲ. ನೀರು ಮೂರು ವಾರ ತಡವಾಗಿ ಬಂತು. ಅಷ್ಟರಲ್ಲಿ ಮಡಿಯಲ್ಲಿ ಸಸಿ ಮಿತಿಮೀರಿ ಬೆಳೆದಿತ್ತು. ಬರಿಯ ನೀರಿನದು ಮೊಣಕಾಲು ದಾಟಿ ಓಲಾಡುತ್ತಿತ್ತು. ನಿನ್ನ ಔಷಧದ್ದು ಅದಕ್ಕಿಂತ ಒಂದು ಗೇಣು ಗಿಡ್ಡ. ಹುಲಿಗವ್ವ ಅದನ್ನು ನೋಡಿ, "ಇದೇನ್ರೀ ಅಕ್ಕಾರ, ನಿಮ್ಮ ತಮ್ಮನ ಔಷಧ ಕುಡದು ಸಸಿ ಬೆಳಿಯೂದ ಮರತೈತಲ್ಲ?" ಎಂದು ನಕ್ಕಳು. ಇದು ಅವಳ ಅಭಿಪ್ರಾಯ. ನನ್ನದಲ್ಲ, ಆದ್ದರಿಂದ ಬರೆಯಬಹುದು ಎಂದುಕೊಂಡೆ.

ನಾಟಿ ಹದಿನಾಲ್ಕನೇ ತಾರೀಖಿಗೆ ಮುಗಿಯಿತು. ಎಲ್ಲ ಕ್ರಮವಾಗಿಯೇ ಆಯಿತು.

ಪಂಪಾವತಿ


ಹೈದರಾಬಾದ್
2 ಸೆಪ್ಟೆಂಬರ್ 1985

ಅಕ್ಕ,

ಸಸಿ ಗಿಡ್ಡವಾದದ್ದು ನಗುವ ವಿಷಯವಲ್ಲ. ಅದು ನನ್ನ ಸಿದ್ಧಾಂತದ ಮೊದಲ ವಿಜಯ. ಗಿಡಕ್ಕಿರುವ ಶಕ್ತಿ ಅಷ್ಟೇ. ಕಾಯುವ ಜೀನ್‌ಗಳು ಎದ್ದು ಕೂತರೆ ಬೆಳೆಸುವ ಜೀನ್‌ಗಳು ಹಿಂದೆ ಸರಿಯುತ್ತವೆ. ಇದು ಹುಲಿಗವ್ವನಿಗೆ ಅರ್ಥವಾಗಬೇಕೆಂದು ನಾನು ಬಯಸುವುದಿಲ್ಲ. ಅವಳ ವಿನೋದಕ್ಕೆ ನನ್ನ ಕೋಷ್ಟಕಗಳಲ್ಲಿ ಕಾಲಂ ಇಲ್ಲ.

ಎಲೆಯ ಮೇಲೆ ಹಳದಿ ಪಟ್ಟೆ ಕಂಡ ಕೂಡಲೇ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಎಲೆ ಕಿತ್ತು, ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಕಳಿಸು.

ಕಳಕಪ್ಪ


ಗಂಗಾವತಿ
11 ಸೆಪ್ಟೆಂಬರ್ 1985

ತಮ್ಮಾ,

ಪಟ್ಟೆ ಬಂತು. ಬಿಳಿ ದಾರದ ಸಾಲುಗಳಲ್ಲಿ ಎಲೆ ತುದಿಯಿಂದ ಕೆಳಗೆ ಹಳದಿಯಾಗಿ ಇಳಿಯುತ್ತಿದೆ. ಕೆಂಪು ದಾರದ ಸಾಲು ಹಸಿರಾಗಿ, ಗಿಡ್ಡವಾಗಿ, ನಿನ್ನಂತೆಯೇ ಗರ್ವದಿಂದ ನಿಂತಿದೆ. ಎಲೆಗಳನ್ನು ಒತ್ತಿ ಕಳಿಸಿದ್ದೇನೆ. ಯಾವ ಪತ್ರಿಕೆ ಎಂದು ಕೋಷ್ಟಕಕ್ಕೆ ಬೇಕಾದರೆ ಹೇಳು, ಶುಕ್ರವಾರದ್ದು.

ಪಂಪಾವತಿ


ಹೈದರಾಬಾದ್
25 ಸೆಪ್ಟೆಂಬರ್ 1985

ಪ್ರೀತಿಯ ಅಕ್ಕ,

ಎಲೆಗಳು ತಲುಪಿದವು. ಸಾಕು. ಇನ್ನು ಕಳಿಸುವುದು ಬೇಡ. ನಿನ್ನ ಹತ್ತಿರ ಉಳಿದಿದ್ದರೆ ಇಟ್ಟುಕೊಳ್ಳಬೇಡ, ದನಕ್ಕೆ ಹಾಕಿಬಿಡು.

ಶಿವಬಸಮ್ಮನ ಓದು ಹೇಗೆ ನಡೆದಿದೆ? ಮಾವನ ಮೊಣಕಾಲು ನೋವು ಕಡಿಮೆಯಾಯಿತೇ? ನೀನು ಬಿಸಿಲಲ್ಲಿ ಹೊಲಕ್ಕೆ ಹೆಚ್ಚು ಓಡಾಡಬೇಡ.

ನಿನ್ನ ತಮ್ಮ
ಕಳಕಪ್ಪ


ಗಂಗಾವತಿ
18 ನವೆಂಬರ್ 1985

ತಮ್ಮಾ,

ನೀನು ನನ್ನ ಮಗಳ ಓದನ್ನು ವಿಚಾರಿಸಿದ್ದು ನೋಡಿ ಮನೆಯಲ್ಲಿ ಎಲ್ಲರಿಗೂ ಗಾಬರಿಯಾಯಿತು. ಜ್ವರವೇನಾದರೂ ಬಂದಿದೆಯೇ ಎಂದು ನಿಮ್ಮ ಮಾವ ಕೇಳಿದರು.

ಫಲಿತಾಂಶ ಬರೆದುಕೋ. ಬಿಳಿ ದಾರದ ಕಾಲು ಎಕರೆ ಪೂರಾ ಹುಲ್ಲು. ಕೆಂಪು ದಾರದ್ದರಲ್ಲಿ ಪಟ್ಟೆ ಹಿಡಿದ ಗಿಡ ಹುಡುಕಿದರೆ ನೂರಕ್ಕೆ ಮೂರು. ನಿಮ್ಮ ಮಾವ ಈಗ ಗಂಗಾವತಿ ಪೇಟೆಯಲ್ಲಿ ನಿನ್ನ ಪರ ಪ್ರಚಾರಕ್ಕೆ ನಿಂತಿದ್ದಾರೆ. ಯಲಬುರ್ಗಾದಿಂದ ಬಂದ ಬೀಗರೊಬ್ಬರು, ನೀರಾವರಿ ಇಲ್ಲದವರು, ಜೋಳಕ್ಕೂ ನಡೆಯುತ್ತದೆಯೇ ಎಂದು ಕೇಳಿ ಹೋದರು.

ಇಷ್ಟು ದೊಡ್ಡ ಅಂತರ ಬಂದಿದೆ. ಸಸಿ ಕಿತ್ತದ್ದು ಹೇಗೆ, ಹಚ್ಚಿದ್ದು ಹೇಗೆ ಎಂದು ನಿನಗೆ ಒಂದು ಮಾತು ಕೇಳಬೇಕೆನಿಸುವುದಿಲ್ಲವೇ? ಕಾಲಂ ಇಲ್ಲದಿದ್ದರೂ ಅಂಚಿನಲ್ಲಿ ಜಾಗ ಇರುತ್ತದಲ್ಲ.

ಪಂಪಾವತಿ


ಹೈದರಾಬಾದ್
12 ಡಿಸೆಂಬರ್ 1985

ಅಕ್ಕ,

ಗೈಡ್ ನನ್ನ ಕೋಷ್ಟಕ ನೋಡಿ ಎದ್ದು ನಿಂತು ಕೈ ಕುಲುಕಿದರು. ನಾಲ್ಕು ವರ್ಷದಲ್ಲಿ ಅವರು ನನಗಾಗಿ ಎದ್ದದ್ದು ಇದೇ ಮೊದಲು. ಬರುವ ಮುಂಗಾರಿಗೆ ಗಂಗಾವತಿಯ ನಲವತ್ತು ರೈತರಿಗೆ ಔಷಧ ಕೊಡುವ ಯೋಜನೆ ಬರೆಯುತ್ತಿದ್ದಾರೆ. ಪ್ರಬಂಧದ ಟೈಪಿಂಗ್ ಶುರುವಾಗಿದೆ. ಕೃತಜ್ಞತೆಯ ಪುಟದಲ್ಲಿ ಮಾವನ ಹೆಸರಿದೆ, ನಿನ್ನ ಹೆಸರಿದೆ, ಕೊನೆಯಲ್ಲಿ 'ಅಕುಶಲ ಕೃಷಿ ಕಾರ್ಮಿಕರಿಗೂ' ಎಂದು ಸೇರಿಸಿದ್ದೇನೆ. ಹುಲಿಗವ್ವನಿಗೆ ಓದಿ ಹೇಳು, ಖುಷಿಪಡಲಿ.

ನಾಟಿಯ ಬಗ್ಗೆ ಕೇಳುವುದೇನೂ ಇಲ್ಲ. ಕ್ರಮವಾಗಿ ಆಯಿತೆಂದು ನೀನೇ ಆಗಸ್ಟ್‌ನಲ್ಲಿ ಬರೆದಿದ್ದೀ. ಆ ಕಾಗದವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಕಳಕಪ್ಪ


ಗಂಗಾವತಿ
28 ಜನವರಿ 1986

ತಮ್ಮಾ,

ಅಕುಶಲ ಎಂಬ ಪದವನ್ನು ಹುಲಿಗವ್ವನಿಗೆ ಓದಿ ಹೇಳಿಲ್ಲ. ಅವಳ ಕುಶಲತೆ ಏನು ಮಾಡಿತು ಎಂಬುದನ್ನು ನಿನಗೇ ಓದಿ ಹೇಳುತ್ತೇನೆ.

ಮೊದಲು ನನ್ನ ಸುಳ್ಳು. ನಾಟಿಯ ದಿನ ನಾನು ಹೊಲದಲ್ಲಿರಲಿಲ್ಲ. ಶಿವಬಸಮ್ಮನನ್ನು ಶಾಲೆಗೆ ಸೇರಿಸಲು ಕೊಪ್ಪಳಕ್ಕೆ ಹೋಗಿದ್ದೆ. ಬಂದು ನೋಡಿದಾಗ ಸಾಲುಗಳು ನೆಟ್ಟಗಿದ್ದವು. ದಾರಗಳು ಗೂಟಕ್ಕೆ ಕಟ್ಟಿದ್ದವು. ಕ್ರಮವಾಗಿ ಆಯಿತು ಎಂದು ಬರೆದೆ. ನಿನ್ನ ಹದಿನಾಲ್ಕು ಪುಟದ ಮುಂದೆ, ನಾನು ಅಲ್ಲಿರಲಿಲ್ಲ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಅಡ್ಡ ಬಂತು.

ನವೆಂಬರ್ ಮೊದಲ ವಾರ ಹುಲಿಗವ್ವನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಬಿಳಿ ದಾರದ ಸಸಿ ಭಾಳ ಉದ್ದ ಬೆಳದಿತ್ರೀ. ಹಂಗ ಹಚ್ಚಿದ್ರ ಗಾಳಿಗೆ ಬೀಳತೈತಿ. ಯಾವಾಗ್ಲೂ ಮಾಡೂವಂಗ ಕಟ್ಟು ಹಿಡದು ಕುಡಗೋಲ್ಲೇ ತುದಿ ಕೊಯ್ದು ಹಚ್ಚಿದ್ವಿ. ಕೆಂಪ ದಾರದ್ದು ಗಿಡ್ಡ ಇತ್ತು. ಅದನ್ಯಾಕ ಕೊಯ್ಯೂಣು?"

ಹಿಂದಿನ ದಿನ ಅದೇ ಗುಂಪು, ಅದೇ ಕುಡುಗೋಲುಗಳಿಂದ, ಪಕ್ಕದ ಹೊಲದ ಪಂಪಣ್ಣನ ಸಸಿಯ ತುದಿ ಕೊಯ್ದಿತ್ತು. ಆ ಮಡಿಗೆ ಆಗಲೇ ಹಳದಿ ಹಿಡಿದಿತ್ತಂತೆ. ಕುಡುಗೋಲು ರೋಗವನ್ನು ಅಲ್ಲಿಂದ ತಂದು, ಗಾಯ ಮಾಡಿ, ಗಾಯದೊಳಗೇ ಇಟ್ಟಿತು. ಬಿಳಿ ದಾರದ್ದು ಸತ್ತದ್ದು ನಿನ್ನ ಔಷಧವಿಲ್ಲದೆ ಅಲ್ಲ, ಕುಡುಗೋಲಿನಿಂದ. ಕೆಂಪು ದಾರದ್ದು ಉಳಿದದ್ದು ಎಚ್ಚರವಾಗಿದ್ದರಿಂದಲ್ಲ, ಕೊಯ್ಯಲು ಸಿಗದಷ್ಟು ಕುಳ್ಳಗಿದ್ದುದರಿಂದ. ನಿನ್ನ ಜೀನು ಗಿಡವನ್ನು ಕುಳ್ಳಗಾಗಿಸಿ ಕಾಪಾಡಿದ್ದು ನಿಜ ಎಂದು ಬೇಕಾದರೆ ವಾದಿಸು, ಆದರೆ ಪರೀಕ್ಷಕರು ನಗುತ್ತಾರೆ.

ಮೂರು ತಿಂಗಳು ಏಕೆ ಸುಮ್ಮನಿದ್ದೆ ಎಂದು ಕೇಳಬೇಡ. ನೀನು ಒಂದು ಪ್ರಶ್ನೆ ಕೇಳುತ್ತೀಯೋ ಇಲ್ಲವೋ ಎಂದು ನೋಡುತ್ತಾ ಕೂತಿದ್ದೆ. ನಿನ್ನ ಅಜ್ಞಾನ ನೋಡುವುದು ನನಗೆ ಹಿತವಾಗಿತ್ತು. ಮಾರ್ಚ್ ಹದಿನೈದಕ್ಕೆ ಇನ್ನೂ ಆರೂವರೆ ವಾರ ಇದೆ. ಆ ಅಧ್ಯಾಯ ತೆಗೆ.

ಪಂಪಾವತಿ


ಹೈದರಾಬಾದ್
10 ಫೆಬ್ರವರಿ 1986

ಅಕ್ಕ,

ನನ್ನ ಅಜ್ಞಾನ ನೋಡುತ್ತಿದ್ದೆ ಎಂದು ಬರೆದಿದ್ದೀ. ಅದು ನನ್ನಲ್ಲಿ ಇರಲೇ ಇಲ್ಲ.

ಇಲ್ಲಿ ನಾವು ಗಿಡಕ್ಕೆ ಬೇಕೆಂದೇ ರೋಗ ಹಚ್ಚುವುದು ಹೇಗೆ ಗೊತ್ತೇ? ಕತ್ತರಿಯನ್ನು ದುಂಡಾಣು ಬೆರೆಸಿದ ನೀರಿನಲ್ಲಿ ಅದ್ದಿ ಎಲೆಯ ತುದಿ ಕತ್ತರಿಸುತ್ತೇವೆ. ನಾಲ್ಕು ವರ್ಷದಲ್ಲಿ ಸಾವಿರಾರು ಎಲೆ ಹಾಗೆ ಕತ್ತರಿಸಿದ್ದೇನೆ. ಸೆಪ್ಟೆಂಬರಿನಲ್ಲಿ ನಿನ್ನ ಪತ್ರಿಕೆಯ ಹಾಳೆ ಬಿಡಿಸಿದೆ. ಬಿಳಿ ದಾರದ ಎಲೆಗಳಲ್ಲಿ ಎಷ್ಟೋ ಎಲೆಗಳ ತುದಿ ಒಂದೇ ಗೆರೆಯಲ್ಲಿ ಕೊಯ್ದದ್ದು, ಕೊಯ್ದ ಗೆರೆಯಿಂದಲೇ ಹಳದಿ ಇಳಿದದ್ದು. ಕೆಂಪು ದಾರದ ಇಪ್ಪತ್ತಕ್ಕೂ ತುದಿ ಚೂಪಾಗಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ನನ್ನದೇ ಕೈಕೆಲಸದ ಹಾಗೆ ಇತ್ತು.

ಆ ಎಲೆಗಳನ್ನು ಸುಟ್ಟೆ. ಉಳಿದದ್ದನ್ನು ದನಕ್ಕೆ ಹಾಕು ಎಂದು ನಿನಗೆ ಬರೆದೆ. ಪ್ರಶ್ನೆ ಕೇಳಿದ್ದರೆ ಉತ್ತರ ಬರುತ್ತಿತ್ತು, ಆದ್ದರಿಂದ ಕೇಳಲಿಲ್ಲ.

ಪ್ರಯೋಗಾಲಯದ ಮೂರು ಅಧ್ಯಾಯ ಅಪ್ಪಟ ಸತ್ಯ. ಆ ಜೀನ್‌ಗಳು ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯದು ಸುಳ್ಳಲ್ಲ, ಅಂಕಿಗಳೆಲ್ಲ ನೀನೇ ಎಣಿಸಿದವು. ಹುಲಿಗವ್ವನ ಕುಡುಗೋಲನ್ನು ಪರೀಕ್ಷಕರು ನೋಡಿಲ್ಲ. ಅದು ತಿಳಿದಿರುವವರು ಮೂವರು. ಅವಳು ಓದಲಾರಳು, ನಾನು ಹೇಳಲಾರೆ. ನಿನಗೆ ಸುಮ್ಮನಿದ್ದು ರೂಢಿಯಿದೆ, ಇನ್ನೊಂದು ತಿಂಗಳು ಇರು.

ಕಳಕಪ್ಪ


ಗಂಗಾವತಿ
22 ಫೆಬ್ರವರಿ 1986

ಕಳಕಪ್ಪನವರಿಗೆ,

ಇಷ್ಟು ದಿನ ನಿನ್ನನ್ನು ದಡ್ಡ ಎಂದುಕೊಂಡಿದ್ದೆ. ಆಗ ನಿನ್ನ ಮೇಲೆ ಎಷ್ಟು ಪ್ರೀತಿ ಇತ್ತು ಎಂಬುದು ಇವತ್ತು ಗೊತ್ತಾಯಿತು.

ಅಂಕಿ ನಾನೇ ಎಣಿಸಿದೆ, ನಿಜ. ಎಣಿಸಿದ ಕೈಯನ್ನೇ ಮುಂದಿಟ್ಟು ನೀನು ಹಿಂದೆ ನಿಲ್ಲುತ್ತೀ. ಆರ್‌ಎನ್‌ಎ ಬೆವರಿನ ಬೆರಳಿಗೆ ಹಾಳಾಗುತ್ತದೆ ಎಂದಿದ್ದೆ. ಅಷ್ಟು ಸೂಕ್ಷ್ಮದ ವಸ್ತುವನ್ನು ನಿನ್ನಂಥವರ ಕೈಗೆ ಕೊಡುತ್ತಾರಲ್ಲ, ಆ ಕೋಶದ ದುರ್ದೈವ. ಒಂದು ಭತ್ತದ ಸಸಿಯಾದರೂ ಸತ್ತ ದುಂಡಾಣು ನೋಡಿ ಎಚ್ಚರಾಗುತ್ತದೆ. ನೀನು ಇಪ್ಪತ್ತು ಎಲೆ ಕಣ್ಣ ಮುಂದೆ ಹರಡಿಕೊಂಡು ಮಲಗಿದೆ.

ಕೇಳು. ಜೂನ್‌ನಲ್ಲಿ ನಲವತ್ತು ಮಂದಿ ನಿನ್ನ ಬಾಟಲಿಗೆ ಬರುತ್ತಾರೆ. ಹಚ್ಚುವುದಕ್ಕೆ ಹುಲಿಗವ್ವನ ಗುಂಪೇ ಹೋಗುತ್ತದೆ. ನೀರು ಸಕಾಲಕ್ಕೆ ಬಂದರೆ ಯಾವ ಸಸಿಯೂ ಉದ್ದವಾಗುವುದಿಲ್ಲ. ಹೋದ ವರ್ಷಕ್ಕಿಂತ ತಡವಾದರೆ ಗಿಡ್ಡವೂ ಕೊಯ್ಯುವಷ್ಟು ಉದ್ದವಾಗುತ್ತದೆ. ಔಷಧ ಹೊಡೆದ ಹೊಲಕ್ಕೆ ರೋಗ ಬಂದಾಗ ಜನ ಹೈದರಾಬಾದಿಗೆ ಬರುವುದಿಲ್ಲ. ದೊಡ್ಡಬಸಪ್ಪನ ಬಾಗಿಲಿಗೆ ಬರುತ್ತಾರೆ.

ನಿನ್ನ ಗೈಡ್‌ಗೆ ನಾನು ಬರೆಯುವುದಿಲ್ಲ. ಬರೆದರೆ ನೀನು ಸಿಕ್ಕಿಬಿದ್ದವನಾಗುತ್ತೀ, ಅಷ್ಟೆ. ಆದರೆ ಇಲ್ಲಿ ಸುಮ್ಮನಿರುವುದಿಲ್ಲ. ಮೊನ್ನೆ ನಿಮ್ಮ ಮಾವನಿಗೆ ಎಲ್ಲ ಹೇಳಿದೆ. ಪೇಟೆಯಲ್ಲಿ ಹೊಗಳಿದ ಬಾಯಿಂದಲೇ ಇಲ್ಲ ಎಂದು ಹೇಳಿ ಬಂದರು. ನಾಲ್ಕು ಜನ ನಕ್ಕರಂತೆ. ನನ್ನ ಸುಳ್ಳನ್ನೂ ಸೇರಿಸಿಯೇ ಹೇಳಿ ಎಂದಿದ್ದೆ. ಅದನ್ನು ಮಾತ್ರ ಅವರು ಬಿಟ್ಟರು.

ಕೃತಜ್ಞತೆಯ ಪುಟದಿಂದ ನನ್ನ ಹೆಸರು ತೆಗೆ.

ಪಂಪಾವತಿ


ಹೈದರಾಬಾದ್
17 ಮಾರ್ಚ್ 1986

ಅಕ್ಕ,

ಹದಿಮೂರಕ್ಕೆ ಪ್ರಬಂಧ ಒಪ್ಪಿಸಿದೆ. ನಾಲ್ಕು ಪ್ರತಿ, ಕಪ್ಪು ರಟ್ಟು, ಬಂಗಾರದ ಅಕ್ಷರ. ಹೊರಗೆ ಬಂದು ಚಹಾ ಕುಡಿದೆ. ಹದಿನಾಲ್ಕರ ಬೆಳಿಗ್ಗೆ ಮತ್ತೆ ಹೋಗಿ ವಾಪಸು ಕೊಡಿ ಎಂದೆ. ಗುಮಾಸ್ತ ಹದಿನೇಳು ವರ್ಷದಲ್ಲಿ ಯಾರೂ ಹಾಗೆ ಕೇಳಿಲ್ಲ, ಅದಕ್ಕೆ ಫಾರಂ ಇಲ್ಲ ಎಂದ. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟು ತಂದೆ.

ಗೈಡ್‌ಗೆ ಹೇಳಿದೆ. ಎಲೆ ಸುಟ್ಟದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿಯಿಂದ ಏಳಲೂ ಇಲ್ಲ. ಇನ್ನೊಂದು ಹಂಗಾಮು ನಿನ್ನ ಕೈಯಿಂದಲೇ ಮಾಡಿಕೊಂಡು ಬಾ, ಆಮೇಲೆ ನಿನ್ನ ಮುಖ ನೋಡುವುದೋ ಬೇಡವೋ ಯೋಚಿಸುತ್ತೇನೆ ಎಂದರು. ವೇತನ ನಿಂತಿತು. ನಲವತ್ತು ರೈತರ ಯೋಜನೆಯೂ ನಿಂತಿತು.

ನಾಲ್ಕು ತುಂಡು ಬೇಕು. ಔಷಧ ಹೊಡೆದು ತುದಿ ಕೊಯ್ದದ್ದು, ಹೊಡೆದು ಕೊಯ್ಯದ್ದು, ಹೊಡೆಯದೆ ಕೊಯ್ದದ್ದು, ಹೊಡೆಯದೆ ಕೊಯ್ಯದ್ದು. ಕೊಯ್ಯುವ ಕುಡುಗೋಲನ್ನು ಪ್ರತಿ ಕಟ್ಟಿಗೂ ತೊಳೆಯಬೇಕೋ ತೊಳೆಯಬಾರದೋ ಎಂಬುದನ್ನು ಹುಲಿಗವ್ವನನ್ನು ಕೇಳಿ ತೀರ್ಮಾನಿಸಬೇಕೆಂದಿದ್ದೇನೆ. ಫಲಿತಾಂಶ ಏನು ಬರುತ್ತದೋ ಗೊತ್ತಿಲ್ಲ. ಏನೂ ಬರದೆಯೂ ಇರಬಹುದು. ಮಾವ ಹೊಲ ಕೊಡುತ್ತಾರೆಯೇ, ಕೇಳಲು ನನಗೆ ಮುಖವಿಲ್ಲ. ನೀನು ಕೇಳುತ್ತೀಯಾ?

ಕಳಕಪ್ಪ


ಗಂಗಾವತಿ
2 ಏಪ್ರಿಲ್ 1986

ತಮ್ಮಾ,

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಎಣಿಸಿದೆ. ಖುಷಿಯಾಯಿತು ಎಂದು ಬರೆಯುವುದಿಲ್ಲ. ಎಲೆ ಸುಟ್ಟವನ ಮೇಲೆ ಇಷ್ಟು ಬೇಗ ಖುಷಿಪಡುವಷ್ಟು ಅಗ್ಗದವಳಲ್ಲ ನಾನು.

ನಿಮ್ಮ ಮಾವ ಹೊಲ ಕೊಡುತ್ತಾರೆ. ಪೇಟೆಗೆ ಮಾತ್ರ ಈ ಬಾರಿ ಏನೂ ಹೇಳುವುದಿಲ್ಲವಂತೆ.

ಹುಲಿಗವ್ವನಿಗೆ ನಾಲ್ಕು ತುಂಡಿನ ಲೆಕ್ಕ ವಿವರಿಸಿದೆ. ನಾನು ಮುಗಿಸುವ ಮೊದಲೇ, ಕೊಯ್ಯುವ ಕುಡುಗೋಲು ಎರಡು ತುಂಡಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂದಳು. ಅದು ನಿನ್ನ ಹದಿನಾಲ್ಕು ಪುಟದಲ್ಲಿ ಇರಲಿಲ್ಲ. ಬರೆದುಕೋ. ಬೆನ್ನು ಬಗ್ಗಿಸಿ ನೀನೂ ಹಚ್ಚುತ್ತೀ ಎಂದೂ ಹೇಳಿದೆ.

"ಬರ್ಲಿ," ಎಂದಳು. "ಆದ್ರ ಹೊಸಬರು ಸಾಲಿನ ನಡುವ ನಿಂದರಬೇಕು. ಆಕಡಿ ಈಕಡಿ ಕೈ ತಿಳದವರು ಇದ್ರ ಸೊಟ್ಟ ಹಚ್ಚಿದ್ದು ಅಲ್ಲೇ ಕಾಣತೈತಿ, ಅಲ್ಲೇ ಕಿತ್ತು ಹಚ್ಚಬಹುದು."

ಜೂನ್ ಮೊದಲ ವಾರ ಬಾ. ಬೂಟು ತರಬೇಡ. ನಿನ್ನ ಎಡಕ್ಕೆ ಹುಲಿಗವ್ವ ನಿಲ್ಲುತ್ತಾಳೆ. ಬಲಕ್ಕೆ ನಾನು ನಿಲ್ಲುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿ, ಗುಂಪಿನ ಹಳೆಯ ಕೈ ಮಾರೆವ್ವನನ್ನು ಕರೆದು ನನ್ನ ಬಲಕ್ಕೆ ನಿಲ್ಲಲು ಹೇಳಿದಳು.

ಪಂಪಾವತಿ